ಏರಿದ ಅಂಕಿಯನ್ನು ನಂಬದ ಸೊಳ್ಳೆಯಮ್ಮ

ಸೊಳ್ಳೆಯಮ್ಮ ಎಂಬ ಹೆಸರು ಆಕೆಗೆ ಅಂಟಿದ್ದು ಒಬ್ಬ ಕಲ್ಲುಕುಟಿಗನಿಂದ. ಆಳು ನೋಡಿದರೆ ಗೋಡೆಯ ಹಾಗಿದ್ದ. ಸೂಜಿ ಕಂಡರೆ ಮಾತ್ರ ಪ್ರಾಣ ಬಾಯಿಗೆ ಬರುತ್ತಿತ್ತು. ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ಕಚ್ಚಿ, "ಚುಚ್ಚಿ ತಾಯಿ, ಆದದ್ದಾಗಲಿ" ಎಂದು ಕೈ ಚಾಚಿದವನಿಗೆ ಆಕೆ "ಆಯ್ತಪ್ಪ, ಏಳು" ಎಂದಾಗ ನಂಬಿಕೆಯೇ ಬರಲಿಲ್ಲ. ಮೇಜಿನ ಮೇಲಿನ ತುಂಬಿದ ಟ್ಯೂಬನ್ನೂ ತನ್ನ ತೋಳನ್ನೂ ಮೂರು ಸಲ ನೋಡಿದ. "ಸೊಳ್ಳೆ ಕಚ್ಚಿದ್ರೂ ಇದಕ್ಕಿಂತ ಜಾಸ್ತಿ ಗೊತ್ತಾಗುತ್ತಲ್ರೀ!" ಎಂದು ಹೊರಗೆ ಸಾಲಿನಲ್ಲಿ ಕೂತವರಿಗೆಲ್ಲ ಕೇಳುವಂತೆ ಕೂಗಿದ. ಆವತ್ತಿನಿಂದ ಆಸ್ಪತ್ರೆಯ ಮೊದಲ ಮಹಡಿಯ ಆ ಪುಟ್ಟ ಕೋಣೆಗೆ ಬರುವವರೆಲ್ಲ "ಸೊಳ್ಳೆಯಮ್ಮ ಇದ್ದಾರಾ?" ಎಂದು ಕೇಳಿಕೊಂಡೇ ಒಳಗೆ ಕಾಲಿಡುವಂತಾಯಿತು. ಆಕೆ ರಜೆಯಲ್ಲಿದ್ದರೆ, "ಹಾಗಾದ್ರೆ ನಾಳೆ ಬರ್ತೀನಿ" ಎಂದು ಮೆಟ್ಟಿಲಿಳಿದು ಹೋಗುವವರೂ ಇದ್ದರು.

ಹುಟ್ಟಾ ಈ ಕೆಲಸದವಳಲ್ಲ. ಹದಿನೇಳನೇ ವಯಸ್ಸಿಗೆ ಔಷಧದ ಕಾರ್ಖಾನೆಯಲ್ಲಿ ಬಾಟಲಿಗಳಿಗೆ ಲೇಬಲ್ ಅಂಟಿಸುತ್ತಿದ್ದಳು. ಕಾರ್ಖಾನೆ ಮುಚ್ಚಿದ ಮೇಲೆ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಬದಲಿಸುವ ಕೆಲಸಕ್ಕೆ ಸೇರಿದಳು. ಬಟ್ಟೆ ಮಡಚುತ್ತಲೇ ಕಣ್ಣು ಮಾತ್ರ ರಕ್ತ ತೆಗೆಯುವವರ ಕೈ ಮೇಲೆ. ಮದುವೆಯಾಗಿ, ಕಂಕುಳಲ್ಲಿ ಮಗಳನ್ನು ಎತ್ತಿಕೊಂಡೇ ಸಂಜೆ ತರಗತಿಗೆ ಹೋಗಿ, ಪರೀಕ್ಷೆ ಕಟ್ಟಿ, ಎರಡನೇ ಸಲಕ್ಕೆ ಪಾಸಾದಳು. ಈಗ ಐವತ್ತಾರು. ಇಪ್ಪತ್ತೇಳು ವರ್ಷಗಳಲ್ಲಿ ಆಕೆಯ ಬೆರಳು ಮುಟ್ಟಿ ನೋಡದ ತರಹದ ನರವಿಲ್ಲ. ಓಡಿಹೋಗುವ ನರ, ಅವಿತುಕೊಳ್ಳುವ ನರ, ಕೋಪಿಷ್ಠರ ಹಗ್ಗದಂಥ ನರ, ಎಲ್ಲವೂ ಆಕೆಗೆ ನೆಂಟರಂತೆ ಪರಿಚಯ.

ಮನೆಗೆ ಹೋದರೆ ಅತ್ತೆ ಕಾದಿರುತ್ತಿದ್ದರು. ಎಂಬತ್ತೆಂಟರ ಮುದುಕಿ, ಹಲ್ಲು ನಾಲ್ಕೇ, ನಾಲಿಗೆಗೆ ಮಾತ್ರ ಇನ್ನೂ ಹರೆಯ.

"ಏನೇ, ಇವತ್ತು ಎಷ್ಟು ಜನರ ರಕ್ತ ಕುಡಿದು ಬಂದೆ?"

"ನಲವತ್ತು ಜನರದ್ದು ಅತ್ತೆ."

"ಆದ್ರೂ ಮೈಗೆ ಹತ್ತಲಿಲ್ಲವಲ್ಲೇ!"

ಹೀಗೆ ಸಾಗುತ್ತಿದ್ದ ಆಕೆಯ ಬದುಕಿಗೆ ಹೊಸ ಬಿಸಿ ತಂದವಳು ಹೃದಯ ವಿಭಾಗಕ್ಕೆ ಬಂದ ಡಾಕ್ಟರಮ್ಮ. ಮೂವತ್ತೈದರ ಒಳಗಿನ ಹುಡುಗಿ, ನಡೆದರೆ ಓಡಿದ ಹಾಗೆ, ಮಾತಾಡಿದರೆ ಜಗಳವಾಡಿದ ಹಾಗೆ. ಒಂದು ಬೆಳಿಗ್ಗೆ ಬಿರುಗಾಳಿಯಂತೆ ಬಂದು ಕುರ್ಚಿ ಎಳೆದುಕೊಂಡು ಕೂತಳು.

"ಅಮ್ಮ, ನನಗೆ ನೀವು ಬೇಕು. ಇನ್ನೊಬ್ಬರು ಆಗಲ್ಲ."

"ಯಾತಕ್ಕೆ ಮೇಡಂ? ಏನಾದ್ರೂ ತಪ್ಪಾಯ್ತಾ?"

"ತಪ್ಪಲ್ಲ, ಕೆಲಸ. ಹೃದಯ ಸೋತವರು ನನ್ನ ಹತ್ತಿರ ಬರ್ತಾರಲ್ಲ, ಕಾಲಲ್ಲಿ ನೀರು, ಎದೇಲಿ ನೀರು, ನಾಲ್ಕು ಹೆಜ್ಜೆಗೆ ಏದುಸಿರು. ಕೆಲವರಿಗೆ ಹಳೇ ಮಾತ್ರೆ, ಕೆಲವರಿಗೆ ಹೊಸದು ಕೊಡ್ತೀನಿ. ಅದೇ ಮಾತ್ರೆಗೆ ಒಬ್ಬರು ಎದ್ದು ಓಡಾಡ್ತಾರೆ, ಇನ್ನೊಬ್ಬರಿಗೆ ಕವಡೆಯಷ್ಟೂ ಉಪಯೋಗ ಇಲ್ಲ. ಯಾರಿಗೆ ಹಿಡಿಯುತ್ತೆ, ಯಾರಿಗೆ ಹಿಡಿಯಲ್ಲ ಅಂತ ತಿಳಿಯೋ ಹೊತ್ತಿಗೆ ಆರು ತಿಂಗಳು ಹೋಗಿರುತ್ತೆ. ಅದನ್ನ ರಕ್ತ ಎರಡೇ ವಾರದಲ್ಲಿ ಹೇಳಿಬಿಡುತ್ತಾ ಅಂತ ನೋಡಬೇಕು."

"ರಕ್ತ ಹೇಳುತ್ತಾ?"

"ಹೃದಯದ ಗೋಡೆ ಎಳೆದ ಹಾಗಾದಾಗ ಅದು ರಕ್ತಕ್ಕೆ ಒಂದು ವಸ್ತು ಬಿಡುತ್ತೆ. ಕಷ್ಟ ಹೆಚ್ಚಾದಷ್ಟೂ ಹೆಚ್ಚು. ಮಾತ್ರೆ ಹಿಡಿದರೆ ಅದು ಇಳಿಯಬೇಕು. ಎಷ್ಟು ಬೇಗ, ಎಷ್ಟು ಇಳಿಯುತ್ತೆ ಅನ್ನೋದೇ ನಮ್ಮ ಪ್ರಶ್ನೆ."

ಅರವತ್ತು ರೋಗಿಗಳು. ಒಬ್ಬೊಬ್ಬರಿಂದ ಮೊದಲ ದಿನ, ಎರಡನೇ ವಾರ, ಆರನೇ ವಾರ ರಕ್ತ. ಪ್ರತಿ ಸಲವೂ ಎರಡು ಟ್ಯೂಬು: ನೇರಳೆ ಮುಚ್ಚಳದ್ದು ಆವತ್ತೇ ಪರೀಕ್ಷೆಗೆ ಹೋಗಬೇಕು, ಹಳದಿ ಮುಚ್ಚಳದ್ದನ್ನು ಗಿರ್ರನೆ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ಬೆರಳುದ್ದದ ಸೀಸೆಗೆ ತುಂಬಿ, ಕಲ್ಲಿನಂತೆ ಹೆಪ್ಪುಗಟ್ಟಿಸುವ ದೊಡ್ಡ ಫ್ರೀಜರಿನಲ್ಲಿಡಬೇಕು. ಅದಕ್ಕೊಂದು ಕಾರಣವಿತ್ತು. ಡಾಕ್ಟರಮ್ಮನ ಅಧ್ಯಯನಕ್ಕೆ ಬೇಕಾದ ಹೊಸ ಯಂತ್ರ ರಿಪೇರಿಗೆ ಹೋಗಿತ್ತು. ಅದು ವಾಪಸು ಬರುವವರೆಗೆ ದಿನನಿತ್ಯದ ಚಿಕಿತ್ಸೆಗೆ ಹಳೆಯ ಯಂತ್ರದ ಅಂಕಿಯೇ ಗತಿ.

ಲೇಬಲ್ ಎಂದರೆ ಸೊಳ್ಳೆಯಮ್ಮನಿಗೆ ಹಳೆಯ ಅಭಿಮಾನ. ಒಂದು ಅಕ್ಷರ ಓರೆಯಾದರೂ ಕಿತ್ತು ಹೊಸದು ಅಂಟಿಸುತ್ತಿದ್ದಳು. "ನನ್ನ ಕೆಲಸದಿಂದ ಮುಂದೆ ಬರೋರಿಗೆಲ್ಲ ದಾರಿ ಗೊತ್ತಾಗುತ್ತಂತೆ ಅತ್ತೆ!" ಎಂದು ಮನೆಯಲ್ಲಿ ಹೇಳುವಾಗ ಆಕೆಯ ಮುಖ ಬೆಳಗುತ್ತಿತ್ತು.

ಹನ್ನೊಂದನೆಯ ರೋಗಿಯಾಗಿ ಬಂದವರು ಈಜು ಮೇಷ್ಟ್ರು. ಊರಿನ ಈಜುಕೊಳದಲ್ಲಿ ಮೂವತ್ತೆಂಟು ವರ್ಷ ಮಕ್ಕಳನ್ನು ನೀರಿಗಿಳಿಸಿ ಈಜು ಕಲಿಸಿದವರು. ಆಸ್ಪತ್ರೆಯ ಅರ್ಧ ಸಿಬ್ಬಂದಿ ಅವರಿಂದ ಬೈಸಿಕೊಂಡೇ ತೇಲಲು ಕಲಿತವರು. ಅಂಥವರು ಆ ದಿನ ಇಪ್ಪತ್ತೆರಡು ಮೆಟ್ಟಿಲು ಹತ್ತಲು ನಾಲ್ಕು ಸಲ ನಿಂತರು. ಶೂ ಕಾಲಿಗೆ ಹೋಗದೆ ಹವಾಯಿ ಚಪ್ಪಲಿಯಲ್ಲಿ ಬಂದಿದ್ದರು. ಸೊಳ್ಳೆಯಮ್ಮ ತೋಳಿಗೆ ಕಟ್ಟಿದ ರಬ್ಬರ್ ಪಟ್ಟಿ ಬಿಚ್ಚಿದ ಮೇಲೂ ಅದರ ಅಚ್ಚು ಹಸಿಮಣ್ಣಿನ ಮೇಲಿನ ಗುರುತಿನಂತೆ ಹಾಗೇ ಉಳಿಯಿತು.

"ಮನುಷ್ಯ... ನೀರೊಳಗೆ... ಇರಬೇಕು ತಾಯಿ," ಎಂದರು ಮೇಷ್ಟ್ರು, ಪದಕ್ಕೊಂದು ಉಸಿರು ತೆಗೆಯುತ್ತ. "ನನ್ನ ಪಾಲಿಗೆ... ನೀರೇ ಮನುಷ್ಯನೊಳಗೆ ಬಂದು ಕೂತಿದೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ ಆಕೆಗೆ. ನಕ್ಕಳು. ಮೇಷ್ಟ್ರಿಗೂ ಅದೇ ಬೇಕಿತ್ತು.

ಅವರಿಗೆ ಡಾಕ್ಟರಮ್ಮ ಹೊಸ ಮಾತ್ರೆ ಶುರುಮಾಡಿದಳು. ಎರಡನೇ ವಾರ ಮೇಷ್ಟ್ರು ಮೆಟ್ಟಿಲಲ್ಲಿ ಎರಡು ಸಲ ನಿಂತರು. ಆರನೇ ವಾರ ಒಂದು ಸಲವೂ ನಿಲ್ಲಲಿಲ್ಲ. ಕಾಲಲ್ಲಿ ಲೇಸು ಬಿಗಿದ ಶೂ. ತೋಳಿನ ಊತ ಇಳಿದು ನರ ಎದ್ದು ಕಾಣುತ್ತಿತ್ತು. ಪಟ್ಟಿ ಬಿಚ್ಚಿದ ಕೂಡಲೇ ಅಚ್ಚು ಮಾಯ. ಒಂದೇ ಉಸಿರಿನಲ್ಲಿ ಕೊಳದ ಹೊಸ ಮ್ಯಾನೇಜರನನ್ನು ಬೈದು ಮುಗಿಸಿದರು. ಸೊಳ್ಳೆಯಮ್ಮನಿಗೆ ಹಿಗ್ಗೋ ಹಿಗ್ಗು.

ಆ ಹಿಗ್ಗು ಮಧ್ಯಾಹ್ನದವರೆಗೂ ಬಾಳಲಿಲ್ಲ. ಮೇಷ್ಟ್ರು ರಿಪೋರ್ಟು ಹಿಡಿದು ವಾಪಸು ಬಂದಾಗ ಮುಖ ಬಾಡಿಹೋಗಿತ್ತು.

"ಅಂಕಿ ಏರಿದೆಯಂತೆ ತಾಯಿ. ಮೊದಲ ದಿನ ಆರುನೂರ ಹತ್ತು, ಈಗ ಏಳುನೂರ ತೊಂಬತ್ತು. ಮಾತ್ರೆ ಹಿಡೀತಿಲ್ಲವಂತೆ. ನಾಳೆಯಿಂದ ಅದನ್ನ ನಿಲ್ಲಿಸಿ, ವಾರ್ಡಿಗೆ ಸೇರಿಸ್ತಾರಂತೆ."

"ಮೇಷ್ಟ್ರೇ, ನೀವು ಈಗ ಹತ್ತಿ ಬಂದದ್ದು ಮೆಟ್ಟಿಲೋ ಲಿಫ್ಟೋ?"

"ಮೆಟ್ಟಿಲೇ."

"ನಿಂತ್ರಾ?"

"ಇಲ್ಲ." ಮೇಷ್ಟ್ರು ಒಂದು ಗಳಿಗೆ ಯೋಚಿಸಿದರು. "ಬೇಜಾರಲ್ಲಿ ನಿಲ್ಲೋದೇ ಮರೆತೆ."

"ಹಾಗಾದ್ರೆ ಇಲ್ಲೇ ಕೂತಿರಿ. ಏಳಬೇಡಿ," ಎಂದವಳು ತನ್ನ ದಪ್ಪ ಪುಸ್ತಕ ಬಿಚ್ಚಿದಳು. ಯಾರು, ಯಾವ ದಿನ, ಯಾವ ಮುಚ್ಚಳದ ಟ್ಯೂಬು, ಯಾವ ಔಷಧ, ಬಂದ ಅಂಕಿ ಎಷ್ಟು, ಎಲ್ಲ ಅಲ್ಲಿತ್ತು. ಬೆರಳಿಟ್ಟು ಸಾಲು ಸಾಲಾಗಿ ಇಳಿದಳು. ಅಂಕಿ ಏರಿದವರು ಒಟ್ಟು ಏಳು ಜನ. ಏಳಕ್ಕೆ ಏಳೂ ಹೊಸ ಮಾತ್ರೆಯವರು! ಹಳೆಯ ಮಾತ್ರೆಯವರಲ್ಲಿ ಒಬ್ಬರದೂ ಹೀಗೆ ಏರಿರಲಿಲ್ಲ. ಆ ಏಳು ಜನರ ತೋಳುಗಳನ್ನು ಆಕೆ ಮನಸ್ಸಿನಲ್ಲೇ ಮುಟ್ಟಿ ನೋಡಿದಳು. ಐದು ಜನರ ಊತ ಇಳಿದಿತ್ತು. ಇಳಿದದ್ದನ್ನು ತನ್ನ ಬೆರಳೇ ಕಂಡಿತ್ತು.

ಪುಸ್ತಕವನ್ನು ಕಂಕುಳಿಗೆ ಸೇರಿಸಿಕೊಂಡು ಕಾರಿಡಾರಿನಲ್ಲಿ ಓಡಿದಳು. ಇಪ್ಪತ್ತೇಳು ವರ್ಷದಲ್ಲಿ ಆಕೆ ಓಡಿದ್ದನ್ನು ಯಾರೂ ನೋಡಿರಲಿಲ್ಲ. ಗಾಡಿ ತಳ್ಳುತ್ತಿದ್ದ ದಾದಿ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು.

ಡಾಕ್ಟರಮ್ಮ ಮೇಷ್ಟ್ರ ಮಾತ್ರೆ ನಿಲ್ಲಿಸುವ ಚೀಟಿಯನ್ನೇ ಬರೆಯುತ್ತಿದ್ದಳು.

"ಮೇಡಂ, ಬರೀಬೇಡಿ!"

ಪೆನ್ನು ನಿಂತಿತು.

"ನಾನು ಓದಿದವಳಲ್ಲ. ತಪ್ಪಿದ್ರೆ ಬೈಯಿರಿ. ಆದ್ರೆ ಒಂದು ಮಾತು ಕೇಳ್ತೀನಿ. ನೇರಳೆ ಮುಚ್ಚಳದ್ದು ಹಳೇ ಯಂತ್ರಕ್ಕೆ ಹೋಗುತ್ತೆ, ಹಳದಿದು ಹೊಸ ಯಂತ್ರಕ್ಕೆ ಅಂತ ಕಾದಿದೆ. ಎರಡೂ ಯಂತ್ರ ಹುಡುಕೋದು ಒಂದೇ ವಸ್ತುವನ್ನಾ?"

"ಹೆಚ್ಚು ಕಮ್ಮಿ ಒಂದೇ. ಒಂದೇ ತಾಯಿಯ ಎರಡು..." ಎಂದವಳು ಅರ್ಧಕ್ಕೇ ನಿಲ್ಲಿಸಿದಳು. ಸೊಳ್ಳೆಯಮ್ಮ ತೆರೆದಿಟ್ಟ ಪುಟದಲ್ಲಿ ಏಳು ಸಾಲುಗಳ ಎದುರು ಪೆನ್ಸಿಲ್ಲಿನ ಗುರುತು. ಡಾಕ್ಟರಮ್ಮನ ಕಣ್ಣು ಸಾಲಿನಿಂದ ಸಾಲಿಗೆ ಹಾರಿತು. ಮರುಕ್ಷಣ ಪಟ್ಟನೆ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಬುದ್ಧಿಗಿಷ್ಟು! ರಿಪೋರ್ಟಿನ ಮೇಲೆ ಎರಡಕ್ಕೂ ಹೃದಯದ ಪರೀಕ್ಷೆ ಅಂತ ಒಂದೇ ಹೆಸರು. ನಾನು ಅಂಕಿ ನೋಡಿದೆ, ಯಾವುದರ ಅಂಕಿ ಅಂತ ನೋಡಲೇ ಇಲ್ಲ!"

"ನನಗೂ ಸ್ವಲ್ಪ ಬಿಡಿಸಿ ಹೇಳಿ ಮೇಡಂ."

"ಹೃದಯ ಬಿಡೋದು ಒಂದು ಉದ್ದನೆಯ ಎಳೆ ಅಮ್ಮ. ರಕ್ತಕ್ಕೆ ಬರುವಾಗ ಅದು ಎರಡು ತುಂಡಾಗುತ್ತೆ. ಒಂದು ತುಂಡು ದುಡಿಯುತ್ತೆ, ಮೈಯಲ್ಲಿರೋ ನೀರು ಹೊರಗೆ ಹಾಕಿಸುತ್ತೆ. ಇನ್ನೊಂದು ಸುಮ್ಮನೆ ತಿರುಗಾಡುತ್ತೆ, ಕೆಲಸ ಇಲ್ಲ. ದುಡಿಯೋ ತುಂಡನ್ನ ಕತ್ತರಿಸಿ ಹಾಕೋಕೆ ದೇಹದಲ್ಲಿ ಒಂದು ಕತ್ತರಿ ಇದೆ. ನಮ್ಮ ಹೊಸ ಮಾತ್ರೆ ಆ ಕತ್ತರಿಯನ್ನೇ ಕಟ್ಟಿಹಾಕುತ್ತೆ. ದುಡಿಯೋನು ಇನ್ನಷ್ಟು ದಿನ ದುಡಿಯಲಿ ಅಂತ."

"ಅಂದ್ರೆ ಅದರ ಅಂಕಿ ಏರೋದು ಹೃದಯ ಕೆಟ್ಟಿದ್ದಕ್ಕಲ್ಲ, ಮಾತ್ರೆ ಕೆಲಸ ಮಾಡ್ತಿರೋದಕ್ಕೆ?"

"ಇರಬಹುದು! ಹಳೇ ಯಂತ್ರ ಅಳೆಯೋದು ಆ ತುಂಡನ್ನೇ. ಆ ಕತ್ತರಿ ಇನ್ನೊಂದನ್ನ ಮುಟ್ಟಲ್ಲ, ಹೊಸ ಯಂತ್ರ ಅಳೆಯೋದು ಅದನ್ನೇ. ಅದು ಇಳಿದಿದ್ರೆ ಮೇಷ್ಟ್ರು ಗೆದ್ದ ಹಾಗೆ."

"ಹಾಗಾದ್ರೆ ದುಡಿಯೋ ಮಗ ದಾರಿ ತಪ್ಪಿಸ್ತಿದ್ದಾನೆ, ಸೋಮಾರಿ ಮಗ ನಿಜ ಹೇಳ್ತಾನೆ ಅನ್ನಿ. ಸೋಮಾರಿ ಮಗ ನನ್ನ ಫ್ರೀಜರಲ್ಲೇ ಮಲಗಿದ್ದಾನಲ್ಲ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ಓಡಿದರು.

ಪರೀಕ್ಷೆಯ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಮೌನಿ ಎನ್ನುತ್ತಿದ್ದರು. ಬೆಳಿಗ್ಗೆ ಒಂದು "ಹ್ಞೂಂ", ಸಂಜೆ ಒಂದು "ಬರ್ತೀನಿ", ಇದು ಆತನ ದಿನದ ಲೆಕ್ಕ. ಹೊಸ ಯಂತ್ರ ರಿಪೇರಿಯಾಗಿ ಹಿಂದಿನ ದಿನವಷ್ಟೇ ಬಂದಿತ್ತು. ಅದರ ಪರೀಕ್ಷೆಯನ್ನೆಲ್ಲ ಆ ಬೆಳಿಗ್ಗೆ ಮುಗಿಸಿ, ಬಟ್ಟೆಯಿಂದ ಅದರ ಗಾಜನ್ನು ಒರೆಸುತ್ತ ನಿಂತಿದ್ದ ಮೌನಿ, ಏದುಸಿರು ಬಿಡುತ್ತ ನುಗ್ಗಿದ ಇಬ್ಬರನ್ನು ನೋಡಿ ಹುಬ್ಬು ಏರಿಸಿದ. ಡಾಕ್ಟರಮ್ಮ ಹೇಳಿದಳು. ಸೊಳ್ಳೆಯಮ್ಮ ಮಧ್ಯೆ ಬಾಯಿ ಹಾಕಿದಳು. ಇಬ್ಬರೂ ಒಟ್ಟಿಗೆ ಹೇಳಿದರು. ಮೌನಿ ಬಟ್ಟೆ ಮಡಚಿಟ್ಟು, ಕೈಗವಸು ಹಾಕಿಕೊಂಡ. ಒಪ್ಪಿಗೆ ಎಂದರ್ಥ.

ಫ್ರೀಜರಿನ ಬಾಗಿಲು ತೆರೆದಾಗ ಬಿಳಿ ಹಬೆ ನೆಲಕ್ಕೆ ಸುರಿಯಿತು. ಸೊಳ್ಳೆಯಮ್ಮ ದಪ್ಪ ಕೈಗವಸಿನಲ್ಲಿ ಮೇಷ್ಟ್ರ ಎರಡು ಸೀಸೆಗಳನ್ನು ಕಣ್ಣು ಮುಚ್ಚಿ ತೆಗೆಯುವವಳಂತೆ ಸಲೀಸಾಗಿ ತೆಗೆದಳು: ಮೊದಲ ದಿನದ್ದು, ಎರಡನೇ ವಾರದ್ದು. ಆ ಬೆಳಗಿನ ಮೂರನೆಯದನ್ನು ಇನ್ನೂ ಫ್ರೀಜರಿಗೆ ಸೇರಿಸಿರಲಿಲ್ಲ. ಹೆಪ್ಪುಗಟ್ಟಿದ್ದು ಕರಗಬೇಕು, ಮೆಲ್ಲಗೆ ಬೆರೆಯಬೇಕು, ಆಮೇಲೆ ಯಂತ್ರಕ್ಕೆ ಇಪ್ಪತ್ತು ನಿಮಿಷ ಬೇಕು. ಅಷ್ಟು ಹೊತ್ತು ಡಾಕ್ಟರಮ್ಮ ಆ ಕೋಣೆಯಲ್ಲಿ ಬೋನಿನ ಹುಲಿಯಂತೆ ಅತ್ತಿಂದಿತ್ತ ನಡೆದಳು. ಸೊಳ್ಳೆಯಮ್ಮ ಸ್ಟೂಲಿನ ಮೇಲೆ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ತನ್ನ ಮಗಳ ಪರೀಕ್ಷೆಯ ಫಲಿತಾಂಶಕ್ಕೂ ಹೀಗೆ ಕಾದವಳಲ್ಲ.

"ಏರಿದ್ರೆ?" ಎಂದಳು ಮೆಲ್ಲಗೆ.

"ಏರಿದ್ರೆ ನಿಮ್ಮ ಬೆರಳು ಸುಳ್ಳು, ನನ್ನ ಚೀಟಿ ನಿಜ. ಈ ಕೆಲಸದಲ್ಲಿ ಅದಕ್ಕೂ ತಯಾರಿರಬೇಕು ಅಮ್ಮ."

ಯಂತ್ರ ಕಿರ್ರೆಂದಿತು. ಪರದೆಯ ಮೇಲೆ ಮೊದಲ ಅಂಕಿ ಮೂಡಿತು: ಮೂರು ಸಾವಿರದ ನಾನೂರು. ಅದು ಮೊದಲ ದಿನದ್ದು. ಎರಡನೆಯದು: ಸಾವಿರದ ಒಂಬೈನೂರು. ಡಾಕ್ಟರಮ್ಮ ಸೊಳ್ಳೆಯಮ್ಮನ ತೋಳು ಹಿಡಿದಳು. ಮೂರನೆಯದು: ಒಂಬೈನೂರ ಇಪ್ಪತ್ತು.

"ಇಳೀತು!"

ಕೂಗಿದ್ದು ಮೌನಿ. ಎಂಥ ಕೂಗು! ಪಕ್ಕದ ಕೋಣೆಯವರು ಬೆಂಕಿ ಬಿತ್ತೇನೋ ಎಂದು ಓಡಿ ಬಂದರು. "ಇಳೀತು ರೀ, ಇಳೀತು! ಕಾಲು ಭಾಗಕ್ಕೆ ಬಂತು!" ಎಂದು ಆತ ಬಂದವರಿಗೆಲ್ಲ ಹೇಳುತ್ತಲೇ ಇದ್ದ, ಎಷ್ಟೋ ವರ್ಷದ ಮಾತನ್ನೆಲ್ಲ ಅವತ್ತೇ ಖರ್ಚು ಮಾಡುವವನಂತೆ. ಡಾಕ್ಟರಮ್ಮ ಸೊಳ್ಳೆಯಮ್ಮನನ್ನು ತಬ್ಬಿಕೊಂಡು ಎರಡು ಸುತ್ತು ತಿರುಗಿಸಿದಳು. "ಅಯ್ಯೋ ಬಿಡಿ, ತಲೆ ಸುತ್ತುತ್ತೆ, ಬಿಡಿ!" ಎನ್ನುತ್ತ ಆಕೆ ನಗುತ್ತಿದ್ದಳು. ಕಣ್ಣಲ್ಲಿ ನೀರೂ ಬಂದಿತ್ತು.

ಮೇಷ್ಟ್ರು ಆಕೆ ಹೇಳಿದಂತೆ ಕುರ್ಚಿಯಿಂದ ಎದ್ದಿರಲಿಲ್ಲ. ಡಾಕ್ಟರಮ್ಮ ಅರ್ಧ ಬರೆದ ಚೀಟಿಯನ್ನು ಅವರ ಎದುರೇ ಹರಿದಳು. "ಮೇಷ್ಟ್ರೇ, ತಪ್ಪು ನನ್ನದು. ಮಾತ್ರೆ ನಿಲ್ಲಿಸಬೇಡಿ. ಅದು ಹಿಡಿದಿದೆ, ಚೆನ್ನಾಗೇ ಹಿಡಿದಿದೆ."

ಮೇಷ್ಟ್ರು ಇಬ್ಬರನ್ನೂ ನೋಡಿದರು. "ಹಾಗಾದ್ರೆ ನೀರಿಗಿಳೀಬಹುದಾ?"

"ಈಗಲೇ ಬೇಡ. ಮೊದಲು ನಡೀರಿ. ಆಮೇಲೆ ನಾನೇ ಹೇಳ್ತೀನಿ."

ಉಳಿದ ಆರು ಜನರ ಸೀಸೆಗಳೂ ಮರುದಿನವೇ ಯಂತ್ರಕ್ಕೆ ಹೋದವು. ನಾಲ್ವರದು ಇಳಿದಿತ್ತು, ಸೊಳ್ಳೆಯಮ್ಮನ ಬೆರಳು ಹೇಳಿದಂತೆಯೇ. ಇಬ್ಬರದು ಇಳಿದಿರಲಿಲ್ಲ, ಅವರಿಗೆ ಡಾಕ್ಟರಮ್ಮ ಕಾಯದೆ ಬೇರೆ ದಾರಿ ಹುಡುಕಿದಳು. ಅಂಕಿಯ ಪಕ್ಕದಲ್ಲಿ ಅದು ಯಾವ ತುಂಡಿನದು ಎಂದು ದಪ್ಪಕ್ಷರದಲ್ಲಿ ಅಚ್ಚಾಗಬೇಕೆಂದು ಹಟ ಹಿಡಿದು ರಿಪೋರ್ಟಿನ ನಮೂನೆಯನ್ನೇ ಬದಲಿಸಿದಳು. ಅಕ್ಷರ ಎಷ್ಟು ದಪ್ಪವಿರಬೇಕೆಂದು ಸಲಹೆ ಕೊಟ್ಟವಳು ಸೊಳ್ಳೆಯಮ್ಮ.

ಮನೆಯಲ್ಲಿ ಅತ್ತೆಗೆ ದುಡಿಯುವ ಮಗ, ಸೋಮಾರಿ ಮಗನ ಕಥೆಯನ್ನು ಮೂರು ಸಲ ಹೇಳಬೇಕಾಯಿತು. ಮೂರನೆಯ ಸಲ ಕೇಳಿ ಮುಗಿಸಿದ ಅತ್ತೆ, ಸೋಫಾದಲ್ಲಿ ಕಾಲು ಚಾಚಿ ಮಲಗಿದ್ದ ತಮ್ಮ ಮಗನ ಕಡೆ ಗದ್ದ ಎತ್ತಿ ತೋರಿಸಿದರು.

"ಸೋಮಾರಿಯಿಂದಲೂ ಉಪಯೋಗ ಇದೆ ಅಂದೆಯಲ್ಲ, ಇವನನ್ನೂ ಒಂದು ದಿನ ಆ ಯಂತ್ರಕ್ಕೆ ಹಾಕಿ ನೋಡೇ."

"ನಾನು ನಿದ್ದೆ ಮಾಡ್ತಿಲ್ಲ, ಕೇಳಿಸ್ತಿದೆ," ಎಂದರು ಯಜಮಾನರು ಕಣ್ಣು ಬಿಡದೆ.

ಐದು ತಿಂಗಳ ಮೇಲೆ ಮೇಷ್ಟ್ರಿಗೆ ಅಪ್ಪಣೆ ಸಿಕ್ಕಿತು. ಒಂದು ಭಾನುವಾರ ಬೆಳಿಗ್ಗೆ ಸೊಳ್ಳೆಯಮ್ಮ ಕೊಳದ ದಂಡೆಯ ಮೇಲೆ ಹೋಗಿ ನಿಂತಳು. ಮೇಷ್ಟ್ರು ಏಣಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ನೀರು ಎದೆಗೆ ಬಂದಾಗ ತುಸು ನಿಂತು, ಬೆನ್ನ ಮೇಲೆ ಮಲಗಿ, ಮೆಲ್ಲಗೆ ಕೈ ಬೀಸುತ್ತ ಕೊಳದ ಅಗಲ ದಾಟಿ ಆಚೆ ದಂಡೆ ಮುಟ್ಟಿದರು. ಅಷ್ಟೇ. ಹೆಚ್ಚು ಬೇಡವೆಂದು ಡಾಕ್ಟರಮ್ಮ ಹೇಳಿದ್ದಳು. ಆಚೆ ದಂಡೆಯಿಂದ ಅವರು ಕೂಗಿದ್ದು ಮಾತ್ರ ಇಡೀ ಕೊಳಕ್ಕೆ ಕೇಳಿಸಿತು: "ಏ ತಾಯಿ, ನಿನಗೆ ಈಜು ಬರುತ್ತೇನು? ಬರದಿದ್ರೆ ಮುಂದಿನ ವಾರದಿಂದ ಬಾ!"

ವರ್ಷ ತುಂಬಿದ ಮೇಲೆ ಅಧ್ಯಯನದ ಫಲಿತಾಂಶ ಬಿಚ್ಚುವ ದಿನ ಬಂತು. ಆಸ್ಪತ್ರೆಯ ಸಭಾಕೋಣೆಯಲ್ಲಿ ಉದ್ದನೆಯ ಮೇಜು, ಗೋಡೆಗೆ ಪರದೆ, ಮೇಜಿನ ಸುತ್ತ ಬಿಳಿ ಕೋಟಿನವರು. ಬಾಗಿಲ ಬಳಿ ನಿಂತಿದ್ದ ಸೊಳ್ಳೆಯಮ್ಮನನ್ನು ಡಾಕ್ಟರಮ್ಮ ಕೈ ಹಿಡಿದು ಕರೆತಂದು ಪರದೆಯ ಎದುರಿಗೇ, ಮೌನಿಯ ಪಕ್ಕ ಕೂರಿಸಿದಳು.

ಪರದೆಯ ಮೇಲೆ ಅರವತ್ತು ಚುಕ್ಕಿಗಳು. ಎರಡನೇ ವಾರದೊಳಗೆ ಸೋಮಾರಿ ತುಂಡಿನ ಅಂಕಿ ಮೂರನೇ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ಇಳಿದವರು ಮೂವತ್ತನಾಲ್ಕು ಜನ. ಅವರಲ್ಲಿ ಮೂವತ್ತು ಜನ ವರ್ಷಪೂರ್ತಿ ಆಸ್ಪತ್ರೆಯ ಹಾಸಿಗೆ ಹತ್ತಿರಲಿಲ್ಲ. ಇಳಿಯದವರು ಇಪ್ಪತ್ತಾರು. ಅವರಲ್ಲಿ ಹೆಚ್ಚಿನವರು ಒಮ್ಮೆಯೋ ಎರಡು ಸಲವೋ ವಾರ್ಡಿಗೆ ಬಂದು ಮಲಗಿದ್ದರು. ಕೋಣೆಯಲ್ಲಿ ಗುಸುಗುಸು ಎದ್ದಿತು. ಯಾರೋ ಮೇಜು ಕುಟ್ಟಿದರು.

"ಅರವತ್ತೇ ಜನ," ಎಂದಳು ಡಾಕ್ಟರಮ್ಮ, ಎಚ್ಚರಿಕೆಯಿಂದ. "ಇದರಿಂದ ಜಗತ್ತಿಗೆಲ್ಲ ತೀರ್ಪು ಕೊಡೋಕಾಗಲ್ಲ. ಆದ್ರೆ ದಾರಿ ಕಾಣ್ತಿದೆ. ಇನ್ನೂ ದೊಡ್ಡದಾಗಿ ಮಾಡಬೇಕು."

ಸೊಳ್ಳೆಯಮ್ಮ ಪರದೆಯನ್ನೇ ನೋಡುತ್ತಿದ್ದಳು. ಇಳಿಯದವರ ಗುಂಪಿನಿಂದ ದೂರ, ಒಂದು ಮೂಲೆಯಲ್ಲಿ ಮೂರು ಚುಕ್ಕಿಗಳು ಬೇರೆಯಾಗಿ ಕೂತಿದ್ದವು.

"ಮೇಡಂ, ಆ ಮೂವರು ಯಾರು?"

ಎಲ್ಲರೂ ತಿರುಗಿದರು. ಡಾಕ್ಟರಮ್ಮ ಪಟ್ಟಿ ನೋಡಿದಳು. "ಅಂಕಿ ಇಳಿದಿಲ್ಲ. ಆದ್ರೂ ಮೂವರೂ ಚೆನ್ನಾಗಿದ್ದಾರೆ. ಯಾಕೆ ಅಂತ ಇನ್ನೂ ಗೊತ್ತಿಲ್ಲ. ಹದಿನೆಂಟು, ಮೂವತ್ತಮೂರು, ಐವತ್ತೊಂದು."

ಆಕೆಗೆ ಸಂಖ್ಯೆ ಸಾಕಾಯಿತು. ಹದಿನೆಂಟು ಎಂದರೆ ಬಟ್ಟೆ ಅಂಗಡಿಯ ಮಾತುಗಾತಿ. ಮೂವತ್ತಮೂರು, ಎಡಗೈ ಬಿಟ್ಟರೆ ಬಲಗೈಯಲ್ಲಿ ನರ ಸಿಗದ ಬಡಗಿ. ಐವತ್ತೊಂದು, ಸೂಜಿ ಕಂಡರೆ ಹಾಡಲು ಶುರುಮಾಡುವ ಪೋಸ್ಟ್ ಮಾಸ್ತರರು. ಮೂವರ ತೋಳೂ ಬೆರಳಿನಲ್ಲಿ ನೆನಪಿತ್ತು. ಏನೋ ಒಂದು ಇದೆ, ಈ ಮೂವರಲ್ಲಿ ಏನೋ ಒಂದು ಇದೆ. ಅದೂ ರಕ್ತದಲ್ಲೇ ಎಲ್ಲೋ ಅವಿತಿರಬೇಕು. ಆಕೆ ಕುರ್ಚಿಯ ತುದಿಗೆ ಬಂದಳು.

"ಕರೀರಿ ಮೇಡಂ ಅವರನ್ನ! ನಾಳೆ ಬೆಳಿಗ್ಗೆಯೇ ಕರೀರಿ. ನಾನು ಏಳಕ್ಕೇ ಬಂದಿರ್ತೀನಿ."

"ಯಂತ್ರ ಆರೂವರೆಗೇ ಹಾಕಿಟ್ಟಿರ್ತೀನಿ," ಎಂದ ಮೌನಿ.